ಕೆಂಪು ಒರತೆಯ ಧರ್ಮತಂದೆಗೆ

ಮಾನ್ಯರೇ,

ತಗ್ಬಾಯ್ ಗ್ರಾಮಾಧಿಪತಿಗಳೂ, ನನ್ನ ಮಗಳು ಲುನಿಂಗ್‌ಳ ಜ್ಞಾನಸ್ನಾನದಲ್ಲಿ ಅವಳನ್ನು ಎತ್ತಿಕೊಂಡು ನಿಂತ ಧರ್ಮತಂದೆಯೂ ಆದ ಕ್ಯಾಪ್ಟನ್ ಕ್ರಿಸಾಂಟೊ ಬಾಲ್ಮೊರೆಸರಿಗೆ ಅನಂತ ನಮಸ್ಕಾರಗಳು. ತಾವೂ, ತಮ್ಮ ಮಡದಿಯೂ, ನಿಕಲ್ ಗಣಿ ಕಂಪನಿ ದಯಪಾಲಿಸಿದ ಹೊಸ ಜೀಪೂ ಕ್ಷೇಮವೆಂದು ನಂಬಿದ್ದೇನೆ.

ಮೊದಲಿಗೆ ಕೃತಜ್ಞತೆ. ಗಣಿಯ ಬಗ್ಗೆ ಊರಿನ ಅಭಿಪ್ರಾಯ ಕೇಳಲು ತಾವು ಸಭೆ ಕರೆದು, ಇಡೀ ಹಂದಿ ಸುಟ್ಟು ಬಡಿಸಿ, ಉಂಡವರೆಲ್ಲ ಒಪ್ಪಿದಂತೆ ಎಂದು ಸಾರಿದಿರಿ. ಪ್ರಜಾಪ್ರಭುತ್ವವನ್ನು ಹೊಟ್ಟೆಗೆ ಇಷ್ಟು ಹತ್ತಿರ ತಂದವರು ಬೇರೆ ಯಾರಿದ್ದಾರೆ? ನಾನು ಎರಡು ಸಲ ಬಡಿಸಿಕೊಂಡವಳು, ನನ್ನ ಒಪ್ಪಿಗೆಯೂ ಎರಡು ಸಲ ಬಿದ್ದಿರಬೇಕು. ಈಗ ಬೆಟ್ಟದ ನೆತ್ತಿ ಅದಿರಾಗಿ ಹಡಗು ಹತ್ತಿ ಹೋಗಿದೆ, ನಮಗೆ ತಮ್ಮ ಹೆಸರು ಬರೆದ ಬಾಸ್ಕೆಟ್‌ಬಾಲ್ ಅಂಕಣ ಬಂದಿದೆ. ಬಾಯಾರಿದ ಮಕ್ಕಳು ಅಲ್ಲಿ ಆಡಿಕೊಳ್ಳಬಹುದು.

ನನ್ನ ದೂರು ಸಣ್ಣದು. ಊರಿನ ಒರತೆ ಇಟ್ಟಿಗೆ ಬಣ್ಣಕ್ಕೆ ತಿರುಗಿದೆ. ಹೊಟ್ಟೆ ಹಿಡಿದುಕೊಂಡು ಅಳುವ ಲುನಿಂಗ್‌ಳನ್ನು ತಮ್ಮ ಕಚೇರಿಗೆ ಕರೆತಂದಾಗ ತಾವು, "ಅದು ಕಬ್ಬಿಣದ ಅಂಶ ಕಣಮ್ಮ, ರಕ್ತ ಆಗುತ್ತೆ, ಕುಡಿಸು" ಎಂದು ಹರಸಿ, ಬಾಟಲಿ ನೀರಿನಿಂದ ಗಂಟಲು ಸರಿಮಾಡಿಕೊಂಡಿರಿ. ಅಷ್ಟು ಪುಷ್ಟಿಯ ನೀರನ್ನೆಲ್ಲ ನಮಗೇ ಬಿಟ್ಟ ತಮ್ಮ ತ್ಯಾಗ ದೊಡ್ಡದು. ಧರ್ಮತಂದೆ ಮಗುವಿನ ವಿಷಯದಲ್ಲಿ ಸುಳ್ಳು ಹೇಳುವುದುಂಟೇ ಎಂದುಕೊಂಡು ನಾನು ಮನೆಗೆ ಹೋಗಿ ಇನ್ನೊಂದು ಲೋಟ ಕುಡಿಸಿದೆ. ಅಂದಿನಿಂದ ಅವಳು ಹಾಸಿಗೆ ಬಿಟ್ಟೆದ್ದಿಲ್ಲ. ನನ್ನ ಹೊಟ್ಟೆ ಉರಿಯುತ್ತಿದೆ ಕ್ಯಾಪ್ಟನರೇ, ನೀರು ಕುಡಿದು ಅಲ್ಲ.

ಗಂಡಹೆಂಡಿರ ಜಗಳಕ್ಕೂ ತಮ್ಮ ಬಾಗಿಲಿಗೆ ಬರುತ್ತಿದ್ದ ಊರು ಈಗ ತಾವು ಚಂಡಮಾರುತದ ಎಚ್ಚರಿಕೆ ಕೊಟ್ಟರೆ ಬಟ್ಟೆ ಒಣಹಾಕುತ್ತದೆ. ಬೆಟ್ಟ ಹಿಂದಿರುಗಿಸಿ ಎನ್ನುವ ದುರಾಸೆ ನಮಗಿಲ್ಲ. ಭಾನುವಾರವಾದರೂ ತಿಳಿಯಾಗಿ ಹರಿಯಬೇಕೆಂದು ಒರತೆಗೊಂದು ನೋಟಿಸು ಕೊಡಿ; ಆಗದಿದ್ದರೆ ಚರ್ಚಿಗೆ ಉಡುವ ಬಿಳಿ ಬಟ್ಟೆಯನ್ನೇ ನಿಷೇಧಿಸಿ. ಅದೂ ಕಷ್ಟವೆಂದರೆ ಊರಹಬ್ಬದ ವೇದಿಕೆಯ ಮೇಲೆ ಒಂದು ಲೋಟ ಒರತೆ ನೀರು ಕುಡಿದು ತೋರಿಸಿ. ಲೋಟ ನಾನೇ ತೊಳೆದು ತರುತ್ತೇನೆ, ಯಾವ ನೀರಿನಲ್ಲಿ ಎಂದು ಮಾತ್ರ ಕೇಳಬೇಡಿ.

ಇಷ್ಟಾದ ಮೇಲೂ ಅಭ್ಯಾಸಬಲದಿಂದ
ತಮ್ಮ ವಿಶ್ವಾಸಿ,
ಫ್ಲೊರ್ದೆಲಿಸಾ ಕಬಾಲೆಸ್

ಮರೆತ ಮಾತು: ಬರುವ ತಿಂಗಳು ನನ್ನ ಎರಡನೆಯ ಮಗುವಿನ ಜ್ಞಾನಸ್ನಾನ. ಧರ್ಮತಂದೆಯಾಗಿ ಕ್ಯಾಪ್ಟನರೇ ನಿಲ್ಲುವುದು ಊರಿನ ಪದ್ಧತಿ. ಈ ಸಲ ಮಾತ್ರ ಕಂಪನಿಯ ಮಣ್ಣಿನ ಲಾರಿ ಓಡಿಸುವ ಓನಿಂಗನನ್ನು ಕರೆದಿದ್ದೇವೆ. ಲುನಿಂಗ್ ಹಾಸಿಗೆ ಹಿಡಿದ ಮೇಲೆ ಒಂದು ದಿನ ಒರತೆಯ ಬಳಿ ಲಾರಿ ನಿಲ್ಲಿಸಿ, ನನ್ನ ಕೊಡ ನೋಡಿ, "ಅಕ್ಕ, ಮಗುಗೆ ಇದನ್ನ ಕೊಡ್ಬೇಡ, ನಾವು ಅಗೆದಿದ್ದೆಲ್ಲ ಇದಕ್ಕೇ ಇಳೀತಿದೆ" ಎಂದವನು ಅವನೊಬ್ಬನೇ. ತಾವು ಊಟಕ್ಕೆ ಖಂಡಿತ ಬನ್ನಿ. ಉಂಡರೆ ಒಪ್ಪಿದಂತೆ.