ಪಂಪಿನ ಪಕ್ಕದ ರೂಮು

ದಿಂಬಿನವಳ ಮಗಳಿಗೆ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿತು ಅನ್ನುವುದಕ್ಕಿಂತ ಬೀದಿಗೆಲ್ಲ ಬಾಯಿ ಸಿಕ್ಕಿತು ಅನ್ನುವುದೇ ಸರಿ. ಕಾಲೇಜಿನ ಗೇಟು ಕಂಡವರೂ ಬುದ್ಧಿ ಹೇಳಿದರು, ಕಾಣದವರೂ ಹೇಳಿದರು. ಕಾಣದವರು ಸ್ವಲ್ಪ ಜಾಸ್ತಿಯೇ ಹೇಳಿದರು.

ದಿಂಬಿನವಳು ಎಲ್ಲವನ್ನೂ ಕೇಳಿಸಿಕೊಂಡಳು. (ಬೀದಿಯಲ್ಲಿ ಅವಳಿಗೆ ಅದೇ ಹೆಸರು. ಹತ್ತಿ ತುಂಬಿ, ದಿಂಬು ಹೊಲಿದು ಅಂಗಡಿಗಳಿಗೆ ಕೊಡುವುದು ಅವಳ ಕೆಲಸ.) ಓದಿದ್ದು ಕಡಿಮೆ. ಆದರೆ ಕುತೂಹಲಕ್ಕೆ ಓದು ಬೇಕಿಲ್ಲ. ಮಗಳು ಆರಿಸಿಕೊಂಡದ್ದು ಭೂಗರ್ಭಶಾಸ್ತ್ರ ಎಂದು ತಿಳಿದ ದಿನ, ಕಲ್ಲಿನಲ್ಲಿ ಮೂರು ವರ್ಷ ಓದುವಂಥದ್ದು ಏನಿರುತ್ತದೆ ಎಂದು ಅವಳು ಅಂಗಳದ ಒಗೆಯುವ ಕಲ್ಲನ್ನು ಬಹಳ ಹೊತ್ತು ನೋಡಿದಳು. ಕಲ್ಲು ಏನೂ ಹೇಳಲಿಲ್ಲ.

ಅವಳ ಗಂಡ ಮರ ಕೊಯ್ಯುವ ಮಿಲ್ಲಿನಲ್ಲಿದ್ದ. ಹಗಲೆಲ್ಲ ಮಿಲ್ಲಿನಲ್ಲಿ ಕೊಯ್ದು, ರಾತ್ರಿ ಮನೆಗೆ ಬಂದು ಮೂಗಿನಿಂದ ಕೊಯ್ಯುತ್ತಿದ್ದ. ಗೊರಕೆ ಅಂದರೆ ಅಂಥಿಂಥ ಗೊರಕೆಯಲ್ಲ. ಮೆಲ್ಲಗೆ ಶುರುವಾಗಿ, ಏರಿ ಏರಿ, ತುದಿಗೆ ಹೋಗಿ ಗಕ್ಕನೆ ನಿಲ್ಲುತ್ತಿತ್ತು. ಅವಳೂ ಉಸಿರು ಹಿಡಿದು ಕಾಯುತ್ತಿದ್ದಳು. ಆಮೇಲೆ ‘ಪುಸ್’ ಅಂತ ಒಂದು ಸದ್ದು. ಮತ್ತೆ ಮೊದಲಿನಿಂದ ಶುರು. ಮದುವೆಯಾದಂದಿನಿಂದ ಇದಕ್ಕೆ ಅವನನ್ನು ಬೈಯುತ್ತಲೇ ಬಂದಿದ್ದಳು. ಹೋದ ವರ್ಷ ಒಂದು ರಾತ್ರಿ ನಿಂತದ್ದು ಮತ್ತೆ ಶುರುವಾಗಲಿಲ್ಲ.

ಅಂದಿನಿಂದ ಅವಳಿಗೆ ನಿದ್ದೆ ಇಲ್ಲ. ಊರಿಗೆಲ್ಲ ದಿಂಬು ಕೊಡುವವಳು ತಾನು ಗೋಡೆಗೊರಗಿ ಕೂತಿರುತ್ತಾಳೆ. ಮನೆಯಲ್ಲಿ ಉಳಿದ ಸದ್ದು ಅಂದರೆ ಮಗಳು ಮಗ್ಗುಲು ಬದಲಾಯಿಸುವುದು ಒಂದೇ. ಈಗ ಅದೂ ಹಾಸ್ಟೆಲಿಗೆ ಹೊರಟಿತ್ತು.

ಹೋಗಬೇಡ ಅಂದರೆ ಮಗಳು ಹೋಗುತ್ತಿರಲಿಲ್ಲ. ಕಷ್ಟ ಇದ್ದದ್ದೇ ಅಲ್ಲಿ. ಅಮ್ಮನಿಗಾಗಿ ಉಳಿದೆ ಅಂತ ಆಗಬಾರದು. ಹಾಸ್ಟೆಲೇ ಬೇಡ, ಎರಡು ಬಸ್ಸು ಬದಲಾಯಿಸಿ ಮನೆಯಿಂದಲೇ ಹೋಗಿಬರುತ್ತೇನೆ ಅಂತ ಮಗಳ ಬಾಯಲ್ಲೇ ಬರಬೇಕು. ಅದಕ್ಕೊಂದು ಉಪಾಯ ಬೇಕಿತ್ತು.

ಮೊದಲು ನಾದಿನಿ ಬಂದಳು. ಅವಳ ಮಗಳು ಅದೇ ಹಾಸ್ಟೆಲಿನಲ್ಲಿದ್ದು ಓದಿ ಮುಗಿಸಿದವಳು. ಹಾಗಾಗಿ ನಾದಿನಿಯೂ ಓದಿ ಮುಗಿಸಿದ ಹಾಗೇ ಮಾತಾಡುತ್ತಿದ್ದಳು. ಸರ್ಟಿಫಿಕೇಟಿನ ಒರಿಜಿನಲ್ ಯಾರ ಕೈಗೂ ಬಿಡಬಾರದು, ದೇವರು ಬಂದು ಕೇಳಿದರೂ ಜೆರಾಕ್ಸ್ ಕೊಡಬೇಕು ಅಂದಳು. ಬಕೆಟ್ಟಿಗೆ ಹೆಸರು ಬರೆಸಬೇಕು, ಚಪ್ಪಲಿಗೂ ಬರೆಸಬೇಕು ಅಂದಳು. ಹಾಸ್ಟೆಲಿನಲ್ಲಿ ತೊಂದರೆ ಏನೂ ಇಲ್ಲವೇ ಎಂದು ದಿಂಬಿನವಳು ಆಸೆಯಿಂದ ಕೇಳಿದಳು. ಏನೂ ಇಲ್ಲ ಅತ್ತಿಗೆ, ಸ್ವರ್ಗ, ಅಂದುಬಿಟ್ಟಳು ನಾದಿನಿ. ಅವಳಿಗೆ ಆ ದಿನ ಎರಡನೇ ಲೋಟ ಕಾಫಿ ಸಿಗಲಿಲ್ಲ.

ಸಿಕ್ಕಿದ್ದು ಎದುರುಮನೆಯ ಕಂಡಕ್ಟರನಿಗೆ. ಅವನ ಬಸ್ಸು ಯೂನಿವರ್ಸಿಟಿ ದಾರಿಯದು. ಹುಡುಗ ಹುಡುಗಿಯರ ಮಾತು ಕೇಳಿ ಕೇಳಿ, ಟಿಕೆಟ್ ಹರಿಯುತ್ತಲೇ ಪದವಿ ಪಡೆದವನು. ಮುಂದಿನ ಬೆಂಚಿನವರನ್ನು ಮೇಷ್ಟ್ರು ಪ್ರಶ್ನೆ ಕೇಳುತ್ತಾರೆ, ಹಿಂದಿನ ಬೆಂಚಿನವರನ್ನು ಅನುಮಾನದಿಂದ ನೋಡುತ್ತಾರೆ, ನಡುವಿನ ಬೆಂಚಿನವರು ಪಾಸಾಗಿ ಹೋಗುತ್ತಾರೆ ಅಂದ. ಬೆಳಗಿನ ಮೊದಲ ಕ್ಲಾಸು ತಪ್ಪಿಸಿದರೆ ಅಭ್ಯಾಸ ಆಗಿಬಿಡುತ್ತದೆ ಅಂದ. ಲೋಟ ಕೆಳಗಿಡುವಾಗ ಕೊನೆಯ ಮಾತು ಹೇಳಿದ.

"ಅಕ್ಕಾ, ಎಲ್ಲಾ ಸರಿ. ಆದ್ರೆ ಕೆಳಗಿನ ಸಾಲಲ್ಲಿ ತುದೀ ರೂಮು ಒಂದಿದೆ, ಅದು ಮಾತ್ರ ಬೇಡ. ಗೋಡೆ ಆಚೆ ನೀರೆತ್ತೋ ಪಂಪು. ಅಲ್ಲಿ ಹೆಣಾನೂ ಎದ್ದು ಕೂರುತ್ತೆ."

ದಿಂಬಿನವಳು ಅವನಿಗೆ ಇನ್ನೊಂದು ಲೋಟ ಕಾಫಿ ಕೊಟ್ಟಳು.

ಸೇರುವ ದಿನ ತಾಯಿ ಮಗಳು ಹೊರಟರು. ಆಫೀಸಿನ ಗುಮಾಸ್ತ ಒರಿಜಿನಲ್ ಕೇಳಿದ. ದಿಂಬಿನವಳು ಜೆರಾಕ್ಸ್ ಕೊಟ್ಟಳು. ಗುಮಾಸ್ತ ಮತ್ತೆ ಕೇಳಿದ, ಅವಳು ಮತ್ತೆ ಜೆರಾಕ್ಸ್ ಕೊಟ್ಟಳು. ನೋಡಿ ವಾಪಸ್ ಕೊಡ್ತೀನಮ್ಮ ಅಂತ ಅವನು ಬೇಡಿಕೊಂಡ ಮೇಲೆ, ಒರಿಜಿನಲ್ಲಿನ ಒಂದು ತುದಿಯನ್ನು ತಾನು ಹಿಡಿದುಕೊಂಡು ಇನ್ನೊಂದು ತುದಿಯನ್ನು ಅವನಿಗೆ ಬಿಟ್ಟಳು. ಅವನು ಹಾಗೇ ಬಗ್ಗಿ ಓದಿದ.

ಆಮೇಲೆ ಹೊಸಬರಿಗೆಲ್ಲ ದೊಡ್ಡ ಕೋಣೆಯಲ್ಲಿ ಒಂದು ಪಾಠ. ತಂದೆತಾಯಿಯರೂ ಕೂರಬಹುದಿತ್ತು. ದಿಂಬಿನವಳು ಮಗಳನ್ನು ಎಳೆದುಕೊಂಡು ಹೋಗಿ ನಡುವಿನ ಬೆಂಚು ಹಿಡಿದಳು. ಮೇಷ್ಟ್ರು ಒಂದು ಕಲ್ಲು ಎತ್ತಿ, ಇದು ಮನುಷ್ಯ ಹುಟ್ಟುವುದಕ್ಕೂ ಎಷ್ಟೋ ಮೊದಲಿನದು ಅಂದರು. ಇನ್ನು ಸುಮ್ಮನಿರಲು ಅವಳಿಂದ ಆಗಲಿಲ್ಲ. ಎದ್ದು ನಿಂತಳು.

"ಸ್ವಾಮಿ, ಅದಕ್ಕೆ ಹಲ್ಲು ಬೀಳಲ್ಲ, ಕೂದಲು ನರೆಯಲ್ಲ. ವಯಸ್ಸು ಹೇಗೆ ಗೊತ್ತಾಗುತ್ತೆ?"

ಮಗಳು ಬೆಂಚಿನ ಕೆಳಗೆ ಇಳಿಯಲು ಜಾಗ ಹುಡುಕಿದಳು. ಮೇಷ್ಟ್ರಿಗೆ ಮಾತ್ರ ಬಹಳ ಖುಷಿಯಾಯಿತು. ಪದರ, ಒತ್ತಡ, ಬೆಂಕಿ ಅಂತ ಅವರು ಹೇಳುತ್ತಾ ಹೋದರು, ಅವಳು ಬಾಯಿಬಿಟ್ಟು ಕೇಳುತ್ತಾ ಹೋದಳು. ಮಗಳನ್ನು ವಾಪಸ್ ಕರೆದೊಯ್ಯಲು ಬಂದವಳು ತಾನು ಎಂಬುದು ಪಾಠ ಮುಗಿದ ಮೇಲೆ ನೆನಪಾಯಿತು. ತನ್ನ ತೊಡೆ ತಾನೇ ಚಿವುಟಿಕೊಂಡು ಹಾಸ್ಟೆಲಿನ ಕಡೆ ನಡೆದಳು.

ವಾರ್ಡನಮ್ಮ ಯಾವ ರೂಮು ಅಂದರು. ಮಗಳು ಬಾಯಿ ತೆರೆಯುವ ಮೊದಲೇ ಇವಳು, ಕೆಳಗಿನ ಸಾಲಿನ ತುದೀ ರೂಮು ಕೊಡಿ, ಅಂದಳು. ವಾರ್ಡನಮ್ಮ ಕನ್ನಡಕ ತೆಗೆದು ಅವಳನ್ನು ನೋಡಿದರು. ಆ ರೂಮನ್ನು ಕೇಳಿ ಪಡೆದವರು ಇವರೇ ಮೊದಲು. ಮಿಕ್ಕವರೆಲ್ಲ ಅತ್ತು ಬಿಡಿಸಿಕೊಂಡವರು. ಪಂಪಿನ ವಿಷಯ ಗೊತ್ತೇ ಎಂದು ಕೇಳಿದರು. ತುದೀ ರೂಮಿಗೆ ಗಾಳಿ ಬೆಳಕು ಜಾಸ್ತಿ ಅಂತ ಇವಳು ಧರ್ಮರಾಯನ ಮುಖ ಮಾಡಿ ಹೇಳಿದಳು.

ರೂಮಿನಲ್ಲಿ ಒಂದು ಮಂಚ, ಒಂದು ಮೇಜು, ಒಂದು ಕಿಟಕಿ. ಕಿಟಕಿಯಾಚೆ ತಗಡಿನ ಚಪ್ಪರದ ಕೆಳಗೆ ಪಂಪು ಒದರುತ್ತಿತ್ತು. ಮಗಳು ಕಿವಿ ಮುಚ್ಚಿಕೊಂಡಳು. ದಿಂಬಿನವಳಿಗೆ ಒಳಗೊಳಗೇ ಸಮಾಧಾನ. ಮೇಲೆ ಮಾತ್ರ ಮುಖ ಸಣ್ಣ ಮಾಡಿದಳು.

"ಅಯ್ಯೋ ಪಾಪ. ಇಲ್ಲಿ ಮನುಷ್ಯರು ಮಲಗೋಕೆ ಆಗುತ್ತಾ? ತಡಿ, ನಾನೇ ಮಲಗಿ ತೋರಿಸ್ತೀನಿ. ಎಂಥವರಿಗೂ ರೆಪ್ಪೆಗೆ ರೆಪ್ಪೆ ಅಂಟಲ್ಲ."

ತಂದಿದ್ದ ಹೊಸ ದಿಂಬು ಹಾಕಿಕೊಂಡು ಮಂಚದ ಮೇಲೆ ಉರುಳಿದಳು. ಪಂಪು ಮೆಲ್ಲಗೆ ಶುರುವಾಗಿ, ಏರಿ ಏರಿ, ತುದಿಗೆ ಹೋಗಿ ಗಕ್ಕನೆ ನಿಂತಿತು. ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿರಬೇಕು. ಅವಳು ಉಸಿರು ಹಿಡಿದಳು. ‘ಪುಸ್’ ಅಂತು. ಮತ್ತೆ ಮೊದಲಿನಿಂದ ಶುರುವಾಯಿತು.

ಮತ್ತೆ ಶುರುವಾಯಿತಲ್ಲ, ಅಂದುಕೊಂಡಳು. ಅಷ್ಟು ಅಂದುಕೊಂಡದ್ದು ಮಾತ್ರ ನೆನಪು.

ಕಣ್ಣು ಬಿಟ್ಟಾಗ ಬಿಸಿಲು ಕಿಟಕಿಯಿಂದ ಇಳಿದು ಗೋಡೆ ಹತ್ತಿತ್ತು. ಬಾಗಿಲಲ್ಲಿ ವಾರ್ಡನಮ್ಮ, ಅವರ ಹಿಂದೆ ಯಾರ‍್ಯಾರದೋ ತಾಯಂದಿರು, ಹೆಗಲ ಮೇಲಿಂದ ಹಣಕುವ ಹುಡುಗಿಯರು. ಮಗಳು ಕಾಲ ಬಳಿ ಕೂತಿದ್ದಳು.

"ನಾನು ಮಲಗಲಿಲ್ಲ," ಅಂದಳು ದಿಂಬಿನವಳು. "ಕಣ್ಣು ಮುಚ್ಚಿ ಯೋಚನೆ ಮಾಡ್ತಿದ್ದೆ."

"ಗೊತ್ತಾಯ್ತು ಬಿಡಮ್ಮ," ಅಂದಳು ಮಗಳು. "ನೀನು ಯೋಚನೆ ಮಾಡಿದ್ದು ಆಫೀಸಿನವರೆಗೂ ಕೇಳಿಸ್ತಂತೆ."

ಬಾಗಿಲಲ್ಲಿದ್ದವರು ನಗುತ್ತಾ ಚದುರಿದರು. ಮಗಳು ನಗಲಿಲ್ಲ. ಗೋಡೆಗೆ ಕಿವಿಗೊಟ್ಟಿದ್ದಳು. ಪಂಪು ಏರಿತು, ನಿಂತಿತು. ಇಬ್ಬರೂ ಕಾದರು. ‘ಪುಸ್’.

"ಅಪ್ಪಂದೇ," ಅಂದಳು ಮಗಳು.

"ಅವರದು ಇನ್ನೂ ಸ್ವಲ್ಪ ಜೋರಿತ್ತು," ಅಂದಳು ತಾಯಿ.

ಇಷ್ಟಾದ ಮೇಲೆ ಆ ರೂಮಿನಲ್ಲಿ ನಿದ್ದೆ ಬರುವುದಿಲ್ಲ ಅಂತ ವಾದ ಮಾಡುವ ಬಾಯಿ ಎಲ್ಲಿದೆ? ಮಗಳು ಅಲ್ಲೇ ಉಳಿದಳು. ದಿಂಬಿನವಳು ಒಬ್ಬಳೇ ಎರಡು ಬಸ್ಸು ಬದಲಾಯಿಸಿ ಮನೆಗೆ ಬಂದಳು. ಆದರೆ ಭಾನುವಾರ ಬಂತೆಂದರೆ ದಿಂಬಿಗೆ ಹೊಸ ಗವಸು ಹಾಕಬೇಕು ಅಂತ ಹಾಸ್ಟೆಲಿಗೆ ಹಾಜರ್. (ಆ ವರ್ಷ ಮಗಳಿಗೆ ಪುಸ್ತಕಕ್ಕಿಂತ ಗವಸು ಜಾಸ್ತಿಯಾದವು.) ಮಧ್ಯಾಹ್ನ ಪೂರ್ತಿ ತಾಯಿ ಒಳಗೆ ಯೋಚನೆ ಮಾಡುತ್ತಿದ್ದಳು, ಮಗಳು ಹೊರಗೆ ಮೆಟ್ಟಿಲ ಮೇಲೆ ಕೂತು ಕಲ್ಲುಗಳ ಪಾಠ ಓದುತ್ತಿದ್ದಳು.

ಮರುವರ್ಷ ಹೊಸ ಹುಡುಗಿಯರು ಬಂದರು. ಆ ಭಾನುವಾರ ಗೇಟಿನ ಬಳಿ ಪೆಟ್ಟಿಗೆ ಹಿಡಿದು ದಿಕ್ಕು ತೋಚದೆ ನಿಂತ ಒಬ್ಬ ತಾಯಿ ದಿಂಬಿನವಳ ಕಣ್ಣಿಗೆ ಬಿದ್ದಳು. ಇವಳಿಗೆ ಈಗ ಅನುಭವಸ್ಥೆಯ ಠೀವಿ. ಒರಿಜಿನಲ್ ಬಿಡಬೇಡಿ ಅಂದಳು, ನಡುವಿನ ಬೆಂಚು ಅಂದಳು, ಚಪ್ಪಲಿಗೆ ಹೆಸರು ಬರೆಸಿ ಅಂದಳು. ಆಮೇಲೆ ದನಿ ತಗ್ಗಿಸಿ, ತುದೀ ರೂಮಿನ ಕಡೆ ಮಾತ್ರ ತಲೆ ಹಾಕಬೇಡಿ, ಪಂಪಿನ ಕಾಟ, ಅಂದಳು. ಎಲ್ಲಿ ಯಾರಾದರೂ ಆ ರೂಮಿಗೆ ಕಣ್ಣು ಹಾಕುತ್ತಾರೋ ಅಂತ ಅವಳಿಗೆ ಭಯ.

ಆ ತಾಯಿ ಕೈ ಮುಗಿದಳು.

"ನಮಗೂ ಹೇಳಿದ್ರು ಅಕ್ಕ. ಪಂಪೇನೋ ವಾರದಲ್ಲಿ ಅಭ್ಯಾಸ ಆಗುತ್ತಂತೆ. ಭಾನುವಾರ ಯಾರೋ ಹೆಂಗಸು ಬಂದು ಅಲ್ಲಿ ಮಲಗ್ತಾರಂತಲ್ಲ, ಆ ಗೊರಕೆ ತಡಕೊಳ್ಳೋಕೆ ಆಗಲ್ಲವಂತೆ. ಮೋಟರ್ ಕೆಟ್ಟು ಹಾಗೆ ಒದರ್ತಿದೆ ಅಂದ್ಕೊಂಡು ಪಂಪಿನವನು ಎರಡು ಸಲ ಓಡಿ ಬಂದನಂತೆ."

ಹಿಂದೆ ನಿಂತಿದ್ದ ಮಗಳು ಕೆಮ್ಮಿದಳು. ದಿಂಬಿನವಳು ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದಳು. ಸುಮ್ಮನೆ ಹೋಗಿಬಿಡಬಹುದಿತ್ತು. ಕುತೂಹಲ ಬಿಡಲಿಲ್ಲ.

"ಮಧ್ಯೆ ಒಂದು ಸಲ ನಿಲ್ಲುತ್ತಂತಾ?"

"ಎಲ್ಲಿ ನಿಲ್ಲುತ್ತೆ ಅಕ್ಕ," ಅಂದಳು ಆ ತಾಯಿ. "ನಿಂತ್ರೆ ಸಾಕು ಅಂತ ಹುಡುಗೀರೆಲ್ಲ ಕಾಯ್ತಾ ಇದ್ದಾರಂತೆ."