ಮಗ್ಗದ ಕುಣಿಗೆ ಚಾಪೆ ಹಾಸಿದ ಕಂಪನಿಯವರಿಗೆ

ಗಜೇಂದ್ರಗಡ, ಜೂನ್ ೧೯೫೭

ಸುಖಸೇವಾ ಗೃಹಶುಶ್ರೂಷಾ ಕಂಪನಿ, ಹುಬ್ಬಳ್ಳಿ, ಇದರ ಸನ್ಮಾನ್ಯ ಮ್ಯಾನೇಜರ್ ಸಾಹೇಬರ ಸನ್ನಿಧಿಗೆ

ಮಾನ್ಯರೇ,

ನನ್ನ ಮದುವೆಯಾಯಿತು, ಮತ್ತು ಅದು ಎಷ್ಟು ಚೆನ್ನಾಗಿ ಆಯಿತೆಂದರೆ ತಮ್ಮಂಥ ಅಪರಿಚಿತರಿಗೂ ಮೊದಲ ಸಾಲಿನಲ್ಲೇ ಹೇಳದೆ ಇರಲಾಗುತ್ತಿಲ್ಲ. ನಮ್ಮವರು ಸಿಟ್ಟು ಮಾಡುವುದಿಲ್ಲ, ಚಹಾಕ್ಕೆ ಸಕ್ಕರೆ ತಾವೇ ಹಾಕಿಕೊಳ್ಳುತ್ತಾರೆ, ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಕಲಿತವಳೆಂದು ಓಣಿಯಲ್ಲಿ ಎದುರಾದವರಿಗೆಲ್ಲ ಕೇಳದಿದ್ದರೂ ಹೇಳುತ್ತಾರೆ. ಇಷ್ಟು ದೊಡ್ಡ ಸಂತೋಷದಲ್ಲಿ ತಮ್ಮ ಕಂಪನಿಗೂ ಒಂದು ಪಾಲು ಸಲ್ಲಬೇಕೆಂಬ ಆಸೆಯಿಂದ, ಮತ್ತು ಆ ಪಾಲನ್ನು ನಾಲ್ಕು ಜನರೆದುರು ಕೊಡುವುದೇ ಮರ್ಯಾದೆಯೆಂಬ ತಿಳುವಳಿಕೆಯಿಂದ, ಇದನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ಬರೆದಿದ್ದರೆ ತಪ್ಪುಗಳು ಕಡಿಮೆ ಇರುತ್ತಿದ್ದವು. ಆದರೆ ಪಕ್ಕದ ಹೊರಸಿನ ಮೇಲೆ ಮಲಗಿರುವ ನಮ್ಮತ್ತೆ ಕಳಕವ್ವನವರು, "ನನ್ನ ಕಾಲಿನ ಸುದ್ದಿ ಅದು, ನನಗ ತಿಳಿಯೂ ಹಂಗ ಬರಿ" ಎಂದು ಅಪ್ಪಣೆ ಮಾಡಿದ್ದಾರೆ.

ನಮ್ಮದು ನೇಕಾರರ ಮನೆ. ಈ ಮನೆಗೆ ಹೊಸ ಸೊಸೆ ಬಂದರೆ ಅವಳು ಮೊದಲ ಪಂಚಮಿಗೆ ಉಡುವ ಸೀರೆಯನ್ನು ಅತ್ತೆಯೇ ಕುಳಿತು ನೇಯಬೇಕು. ಅದು ಮುಗಿದು ಕೆಳಗಿಳಿಯುವವರೆಗೆ ಆ ಮಗ್ಗಕ್ಕೆ ಇನ್ನೊಬ್ಬರ ಕೈ ತಾಗುವಂತಿಲ್ಲ, ಹೊಟ್ಟೆಯಲ್ಲಿ ಹುಟ್ಟಿದ ಮಗನದೂ ಇಲ್ಲ. ನನ್ನ ಸೀರೆಯ ಬಣ್ಣ ಬಿಡಿಸಿದ ದಾಳಿಂಬೆಯದು, ಅಂಚು ಹಳದಿ, ಮತ್ತು ಅದನ್ನು ನೋಡಲು ನಾನು ದಿನಕ್ಕೆ ಎಷ್ಟು ಸಲ ಮಗ್ಗದ ಕೋಣೆಗೆ ಹೋಗುತ್ತಿದ್ದೆನೆಂದರೆ ಅತ್ತೆ, "ನೋಡಿದ್ರ ಬೆಳಿಯಾಕ ಅದೇನ ಹೀರಿಬಳ್ಳಿಯೇನ" ಎಂದು ನಗುತ್ತಿದ್ದರು. ಸೀರೆ ಅರ್ಧಕ್ಕೆ ಬಂದಿತ್ತು. ಆಗ ಅತ್ತೆ ಅಟ್ಟದಿಂದ ನೂಲಿನ ಗಂಟು ಇಳಿಸುವಾಗ ನಿಚ್ಚಣಿಕೆ ಜಾರಿ, ಬಲಗಾಲಿನ ಎಲುಬು ಮುರಿಯಿತು.

ಹುಬ್ಬಳ್ಳಿಯ ಡಾಕ್ಟರರು ಪ್ಲಾಸ್ಟರು ಹಾಕಿ, ಆರು ವಾರ ಈ ಕಾಲು ನೆಲ ಮುಟ್ಟಬಾರದು, ಎಲುಬು ಸೊಟ್ಟಗೆ ಕೂಡಿತೆಂದರೆ ಮಗ್ಗದ ಮಾತನ್ನೇ ಮರೆಯಬೇಕಾಗುತ್ತದೆ ಎಂದು ಹೇಳಿ ಕಳಿಸಿದರು. ತಾವು ಪಟ್ಟಣದವರು, ಆದ್ದರಿಂದ ಬಿಡಿಸಿ ಹೇಳುತ್ತೇನೆ. ನಮ್ಮ ಮಗ್ಗದ ಮುಂದೆ ನೆಲದಲ್ಲಿ ಒಂದು ಕುಣಿ ಇರುತ್ತದೆ. ನೇಯುವವರು ಅದರ ಅಂಚಿಗೆ ಕುಳಿತು, ಕಾಲುಗಳನ್ನು ಒಳಗೆ ಇಳಿಬಿಟ್ಟು, ತಳದಲ್ಲಿರುವ ಹಲಗೆಗಳನ್ನು ಒಂದಾದ ಮೇಲೊಂದು ತುಳಿಯುತ್ತಾರೆ. ಕಾಲಿಲ್ಲದೆ ನೇಯ್ಗೆ ಇಲ್ಲ. ನೇಯ್ಗೆ ಇಲ್ಲದ ಅತ್ತೆಯನ್ನು ಊಹಿಸಿಕೊಳ್ಳಲು ಈ ಮನೆಯಲ್ಲಿ ಯಾರಿಗೂ ಧೈರ್ಯವಿಲ್ಲ.

ಇಂಥ ಹೊತ್ತಿನಲ್ಲಿ ಇಂಗ್ಲಿಷ್ ಪತ್ರಿಕೆಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ತಮ್ಮ ಜಾಹೀರಾತು: ಗುಣಮಟ್ಟ ಮತ್ತು ಸುರಕ್ಷತೆಯೇ ಉಸಿರಾಗಿರುವ ತರಬೇತಿ ಪಡೆದ ಶುಶ್ರೂಷಕಿಯರು ತಮ್ಮ ಮನೆಬಾಗಿಲಿಗೆ. "ಮನಿ ತುಂಬ ಮಂದಿ ಇದ್ದಾಗ ನನ್ನ ನೋಡಾಕ ಹುಬ್ಬಳ್ಳಿಯಿಂದ ಯಾಕ ಬರಬೇಕ" ಎಂದು ಅತ್ತೆ ಕೇಳಿದರು. ನಾನು ಸೈಂಟಿಫಿಕ್ ಎಂಬ ಒಂದು ಶಬ್ದ ಆಡಿದೆ. ನಮ್ಮವರು ಆ ಶಬ್ದಕ್ಕೆ ಸೋತು, ಮರುದಿನವೇ ತಮಗೆ ತಂತಿ ಕೊಟ್ಟರು.

ತಾವು ಕಳಿಸಿದ ತಿಪ್ಪವ್ವನವರ ಗುಣಗಳನ್ನು ಎಷ್ಟು ಹೊಗಳಿದರೂ ಕಡಿಮೆಯೇ. ರೋಣದ ಮೋಟಾರಿನಿಂದ ಇಳಿಯುವಾಗಲೇ ಅವರ ಕೈಯಲ್ಲಿ ಸ್ವಂತ ದಿಂಬು ಇತ್ತು. ನಿದ್ದೆಯನ್ನು ಇಷ್ಟು ಶ್ರದ್ಧೆಯಿಂದ ತೆಗೆದುಕೊಳ್ಳುವವರನ್ನು ನಾನು ಕಾನ್ವೆಂಟಿನಲ್ಲೂ ಕಂಡಿರಲಿಲ್ಲ. ರೋಗಿ ಮತ್ತು ಶುಶ್ರೂಷಕಿ ಸದಾ ಒಬ್ಬರ ಕಣ್ಣಿಗೊಬ್ಬರು ಬೀಳುತ್ತಿರಬೇಕೆಂಬ ತಮ್ಮ ನಿಯಮವನ್ನು ಅವರು ಹೇಗೆ ಪಾಲಿಸಿದರೆಂದರೆ, ಅತ್ತೆಯ ಹೊರಸನ್ನು ತಮ್ಮ ಹಾಸಿಗೆಯ ಕಡೆಗೆ ತಿರುಗಿಸಿ ಮಲಗಿಬಿಟ್ಟರು, ಅತ್ತೆ ಮಧ್ಯಾಹ್ನವಿಡೀ ಎಚ್ಚರವಿದ್ದು ಅವರನ್ನು ನೋಡಿಕೊಂಡರು. ಊಟದ ವಿಷಯದಲ್ಲಿ ಅವರು ಎಂದೂ ಸಂಕೋಚ ತೋರಿಸಿ ನಮ್ಮನ್ನು ಗೊಂದಲಕ್ಕೆ ಈಡುಮಾಡಲಿಲ್ಲ. "ನರಗುಂದದ ಸಾವಕಾರ್ರ ಮನ್ಯಾಗ ನನಗ ದಿನಾ ಹೋಳಿಗಿ ಇರತಿದ್ವರಿ" ಎಂದು ಅವರು ನೆನೆಸಿಕೊಂಡಾಗ ಅತ್ತೆ ಬಹಳ ವಿನಯದಿಂದ, "ಹಂಗಾರ ಅಲ್ಲಿ ಬ್ಯಾನಿ ಬಿದ್ದವ್ರು ಯಾರಿದ್ರವಾ?" ಎಂದು ವಿಚಾರಿಸಿದರು. ಅತ್ತೆಯ ಮೈ ಒರೆಸುವುದು, ಅತ್ತೆಗೆ ಉಣಿಸುವುದು, ಬಟ್ಟೆ ಬದಲಿಸುವುದು ಇವನ್ನೆಲ್ಲ ಸೊಸೆಯಿಂದಲೇ ಮಾಡಿಸಿ, ಅತ್ತೆ ಸೊಸೆಯರ ನಡುವೆ ಪ್ರೀತಿ ಬೆಳೆಸಿದ್ದೂ ತಿಪ್ಪವ್ವನವರೇ. ಅವರ ಬೆನ್ನುನೋವಿಗೆ ಶುಂಠಿ ಕಷಾಯ ಮಾಡುವ ಬಗೆಯನ್ನು ಅತ್ತೆ ಮಲಗಿದಲ್ಲಿಂದಲೇ ನನಗೆ ಹೇಳಿಕೊಟ್ಟರು. ಈಗ ನಾನು ಅದನ್ನು ಬಹಳ ಚೆನ್ನಾಗಿ ಮಾಡುತ್ತೇನೆ.

ಇನ್ನು ಸುರಕ್ಷತೆ. ರೋಗಿಯ ಹಾಸಿಗೆಯ ಹತ್ತಿರ ಬಾವಿಯಾಗಲಿ ಗುಂಡಿಯಾಗಲಿ ಕಣ್ಣಿಗೆ ಬೀಳಕೂಡದೆಂದು ತಮ್ಮ ನಿಯಮ ಹೇಳುತ್ತದಂತೆ. ಅತ್ತೆಯಾದರೋ ಸೀರೆ ಕಾಣದಿದ್ದರೆ ಅನ್ನ ಇಳಿಯುವುದಿಲ್ಲವೆಂದು ಹೊರಸನ್ನು ಮಗ್ಗದ ಪಕ್ಕದಲ್ಲೇ ಹಾಕಿಸಿಕೊಂಡಿದ್ದರು. ತಮ್ಮ ಇನ್ಸ್‌ಪೆಕ್ಟರ್ ಸಾಹೇಬರು ತಪಾಸಣೆಗೆ ಬರುತ್ತಾರೆಂಬ ಕಾರ್ಡು ಬಂದ ದಿನ ತಿಪ್ಪವ್ವನವರು ಮೊದಲ ಬಾರಿಗೆ ಮಧ್ಯಾಹ್ನ ಎಚ್ಚರವಾಗಿದ್ದು, ಕುಣಿಯ ಮೇಲೆ ಒಂದು ಚಾಪೆ ಹಾಸಿದರು. ಮಡಿಕೆ ಕಾಣದಂತೆ ಎಳೆದು, ನಾಲ್ಕು ಮೂಲೆಗೂ ನೂಲಿನ ಉಂಡೆ ಇಟ್ಟರು. ಗುಂಡಿ ಕಣ್ಣಿಗೆ ಬೀಳುತ್ತಿರಲಿಲ್ಲ. ನಿಯಮ ಪೂರ್ತಿಯಾಗಿತ್ತು.

ಸಾಹೇಬರು ಬಂದರು, ಬೂಟು ಕಳಚಿದರು, ಕೋಣೆಯನ್ನು ಸುತ್ತ ನೋಡಿ ಬಹಳ ಮೆಚ್ಚಿಕೊಂಡು ಏನೋ ಬರೆದುಕೊಂಡರು, ಮತ್ತು ಇಷ್ಟು ಶಿಸ್ತಿನ ರೋಗಿಯನ್ನು ಅಭಿನಂದಿಸಬೇಕೆಂದು ಕೈಜೋಡಿಸುತ್ತ ಎರಡು ಹೆಜ್ಜೆ ಮುಂದೆ ಬಂದವರು, ಮೂರನೆಯದಕ್ಕೆ ಚಾಪೆಯ ಸಮೇತ ಸೊಂಟದವರೆಗೆ ಮಾಯವಾದರು. ನಮ್ಮ ಊರು ಮುಂಬಯಿ ರಾಜ್ಯದಿಂದ ಮೈಸೂರಿಗೆ ಸೇರಿದಾಗಲೂ ಈ ಮನೆ ಇಷ್ಟು ಅಲುಗಾಡಿರಲಿಲ್ಲವೆಂದು ನಮ್ಮವರು ಹೇಳುತ್ತಾರೆ. ಅಲ್ಲಿಗೆ ಮುಗಿದಿದ್ದರೆ ನಾನು ತಮಗೆ ಪತ್ರ ಬರೆಯುತ್ತಿರಲಿಲ್ಲ, ಓಣಿಯವರನ್ನು ಕರೆದು ಹೇಳಿ ನಗುತ್ತಿದ್ದೆ. ಆದರೆ ಬೀಳುವವರು ಏನನ್ನಾದರೂ ಹಿಡಿಯಬೇಕಲ್ಲ. ಸಾಹೇಬರು ಎದುರಿಗೆ ಬಿಗಿದು ನಿಂತಿದ್ದ ನನ್ನ ಸೀರೆಯ ಹಾಸುನೂಲಿಗೆ ಎರಡೂ ಕೈ ಹಾಕಿ ಜೋತುಬಿದ್ದರು. ದಾಳಿಂಬೆ ಬಣ್ಣದ ಎಳೆಗಳು ಪಟಪಟ ಹರಿಯತೊಡಗಿದವು.

"ಹಾಸು ಹಿಡೀಬ್ಯಾಡ್ರಿ, ಕಂಬ ಹಿಡೀರಿ" ಎಂದು ಅತ್ತೆ ಕೂಗಿದರು. ಸಾಹೇಬರಿಗೆ ಯಾವುದು ಹಾಸು ಯಾವುದು ಕಂಬ ಎಂದು ತಿಳಿಯಲಿಲ್ಲ. ಆಗ ಅತ್ತೆ, ಐದು ವಾರ ಅಲುಗದೆ ಮಲಗಿದ್ದ ನಮ್ಮತ್ತೆ, ಹೊರಸಿನಿಂದ ಧಡಕ್ಕನೆ ಇಳಿದು, ಪ್ಲಾಸ್ಟರಿನ ಕಾಲನ್ನೇ ಊರಿ ನಿಂತು, ಸಾಹೇಬರ ಕೈಗಳನ್ನು ಬಿಡಿಸಿ, ಕೋಟಿನ ಕೊರಳುಪಟ್ಟಿ ಹಿಡಿದು ಮೇಲಕ್ಕೆತ್ತಿದರು. ತಿಪ್ಪವ್ವನವರು ನಡುವೆ ನಿಂತು, ಈಗ ತಾನು ನೋಡಿಕೊಳ್ಳಬೇಕಾದ್ದು ಸಾಹೇಬರನ್ನೋ ಅವ್ವಾರನ್ನೋ ಎಂದು ನನ್ನನ್ನು ಕೇಳುತ್ತಿದ್ದರು. ನಾನು ಬಗ್ಗಿ ಅತ್ತೆಯ ಕಾಲು ನೋಡಿದೆ. ಪ್ಲಾಸ್ಟರು ಹಿಮ್ಮಡಿಯಿಂದ ಮೊಣಕಾಲಿನವರೆಗೆ ಬಿರಿದಿತ್ತು.

ಸಾಹೇಬರೂ ತಿಪ್ಪವ್ವನವರೂ ಸಂಜೆಯ ಮೋಟಾರಿಗೇ ಹೊರಟರು. ಅತ್ತೆ ಬುತ್ತಿ ಕಟ್ಟಿಸಿ ಕಳಿಸಿದರು. ಹಿಂದೆಯೇ ತಮ್ಮ ವರದಿ ಬಂದಿತು. ಮನೆಯಲ್ಲಿ ಅಪಾಯಕರ ಗುಂಡಿ ಇದ್ದು ಅದನ್ನು ಕಂಪನಿಗೆ ತಿಳಿಸಲಾಗಿಲ್ಲವೆಂದೂ, ರೋಗಿ ವೈದ್ಯರ ಆಜ್ಞೆ ಮೀರಿ ಎದ್ದು ನಿಂತಿದ್ದರಿಂದ ಮುಂದಿನ ಪರಿಣಾಮಕ್ಕೆ ಕಂಪನಿ ಹೊಣೆಯಲ್ಲವೆಂದೂ, ಸುರಕ್ಷತೆಯ ಏರ್ಪಾಡು ಸಾಹೇಬರ ಮೂರನೆಯ ಹೆಜ್ಜೆಯವರೆಗೆ ಅತ್ಯುತ್ತಮವಾಗಿತ್ತೆಂದೂ ಅದರಲ್ಲಿ ಬರೆದಿದೆ. ಇಷ್ಟು ಸುಂದರವಾದ ಇಂಗ್ಲಿಷನ್ನು ನಾನು ಈ ಜಿಲ್ಲೆಯಲ್ಲಿ ನಿರೀಕ್ಷಿಸಿರಲಿಲ್ಲ. ಅತ್ತೆಗೆ ಕನ್ನಡದಲ್ಲಿ ಹೇಳಿದಾಗ ಅವರು, "ಹೊಣಿ ಅವರದಲ್ಲ, ಕಾಲು ನಂದು, ಖರೇ ಅದ" ಎಂದರು.

ಆ ಮೇಲೆ ಅವರು ನನ್ನನ್ನು ಮಗ್ಗದ ಹತ್ತಿರ ಕೂಡಿಸಿದರು. ಹರಿದ ಎಳೆಗಳನ್ನು ಹಾಗೇ ಬಿಟ್ಟರೆ ಉಳಿದವೂ ಸಡಿಲಾಗುತ್ತವಂತೆ. ಮುಟ್ಟಬಾರದಲ್ಲ ಎಂದು ನಾನು ಹಿಂದೆ ಸರಿದೆ. "ನಿನ್ನ ಸೀರಿ ಅಲ್ಲೇನ? ಕಟ್ಟು" ಎಂದರು. ಮಲಗಿದಲ್ಲಿಂದಲೇ ಅವರು ಹೇಳಿದಂತೆ ಒಂದೊಂದೇ ಎಳೆ ಹುಡುಕಿ ಗಂಟು ಹಾಕಿದೆ. ಈ ಮನೆಯ ಯಾವ ಸೊಸೆಯೂ ತನ್ನ ಪಂಚಮಿಯ ಸೀರೆಗೆ ಇದುವರೆಗೆ ಕೈ ಹಚ್ಚಿರಲಿಲ್ಲ. ನನ್ನ ಗಂಟುಗಳು ದಪ್ಪ ದಪ್ಪವಾಗಿ ಕಾಣುತ್ತವೆ. ಅತ್ತೆ ಅವನ್ನು ನೋಡಿ ನಗಲಿಲ್ಲ, ನೇಯುವಾಗ ಸರಿಮಾಡುತ್ತೇನೆ ಎಂದರು. ನೇಯುವಾಗ ಎಂದು ಅವರು ಹೇಳಿದ ಮೇಲೆ ನಾನು ಅವರ ಮುಖ ನೋಡಲಾರದೆ ಚಹಾ ಮಾಡಲು ಎದ್ದು ಹೋದೆ.

ಆದ್ದರಿಂದ ಮಾನ್ಯರೇ, ನನ್ನ ವಿನಂತಿಗಳು ಸಣ್ಣವೇ ಇವೆ. ಮುಂದೆ ತಮ್ಮ ಚಾಪೆಗಳಿಗೆ ಇನ್ಸ್‌ಪೆಕ್ಟರರ ತೂಕ ತಾಳುವ ತರಬೇತಿ ಕೊಡಿಸಬೇಕು. ಶುಶ್ರೂಷಕಿಯನ್ನು ಕಳಿಸುವಾಗ ಅವರನ್ನು ನೋಡಿಕೊಳ್ಳಲು ಇನ್ನೊಬ್ಬರನ್ನೂ, ಆ ಇನ್ನೊಬ್ಬರು ದಣಿದಾರೆಂದು ಮತ್ತೊಬ್ಬರನ್ನೂ ಕಳಿಸಬೇಕು, ರೋಗಿಗೆ ಬೇಸರವಾಗುವುದಿಲ್ಲ. ಸಾಧ್ಯವಾದರೆ ಬಿರಿದ ಪ್ಲಾಸ್ಟರಿನೊಳಗೆ ಎಲುಬು ಯಾವ ಕಡೆಗೆ ತಿರುಗಿದೆಯೆಂದು ತಮ್ಮ ವರದಿಯ ಇನ್ನೊಂದು ಪುಟದಲ್ಲಿ ಬರೆದು ತಿಳಿಸಬೇಕು, ಏಕೆಂದರೆ ಇಲ್ಲಿ ಅದನ್ನು ಬಲ್ಲವರು ಯಾರೂ ಇಲ್ಲ, ಮತ್ತು ಅತ್ತೆ ನೋವಿದೆಯೋ ಇಲ್ಲವೋ ಎಂದು ಕೇಳಿದರೆ ಮಾತು ತಿರುಗಿಸುತ್ತಾರೆ.

ಇಷ್ಟೆಲ್ಲ ಆದ ಮೇಲೂ ತಮ್ಮ ಏಳಿಗೆಯನ್ನೇ ಬಯಸುವ,

ತಮ್ಮ ವಿಶ್ವಾಸಿ,
ಸೌ. ಸಿದ್ದಲಿಂಗವ್ವ

ತಾ.ಕ.: ಪ್ಲಾಸ್ಟರು ಒಡೆದು ನೋಡಲು ಡಾಕ್ಟರರು ನಮ್ಮನ್ನು ಹುಬ್ಬಳ್ಳಿಗೆ ಕರೆದಿದ್ದಾರೆ. ಕಾಲು ನೆಟ್ಟಗಿದ್ದರೆ ದವಾಖಾನೆಯಿಂದ ನೇರ ಊರಿಗೆ ಮರಳುತ್ತೇವೆ, ತಮ್ಮನ್ನು ಕಾಣುವ ಭಾಗ್ಯ ನಮಗಿಲ್ಲ. ಸೊಟ್ಟಗಿದ್ದರೆ ಅತ್ತೆ ತಮ್ಮ ಕಚೇರಿಯಲ್ಲೇ ಇರಲು ಬರುತ್ತಾರೆ. ನಾನು ಜೊತೆಗಿರುತ್ತೇನೆ, ಗುಣಮಟ್ಟದ ವಿಷಯವಾಗಿ ದಿನವೂ ತಮ್ಮೊಡನೆ ಇಂಗ್ಲಿಷಿನಲ್ಲಿ ಮಾತಾಡುತ್ತೇನೆ, ಮತ್ತು ನಾವಿಬ್ಬರೂ ಬೇಗ ಮಲಗುವವರಲ್ಲ. ಕಾಲು ನೆಟ್ಟಗಿರಲೆಂದು ತಾವೂ ನಮ್ಮಷ್ಟೇ ಹರಕೆ ಹೊರಲು ಅನುಕೂಲವಾಗಲಿ ಎಂದು ತಿಳಿಸುತ್ತಿದ್ದೇನೆ: ಬರುವ ಸೋಮವಾರ, ಮಲ್ಲಾಪುರ ಸ್ಟೇಶನ್ನಿನಲ್ಲಿ ಹತ್ತಿ, ಸೋಲಾಪುರದ ಕಡೆಯಿಂದ ಬರುವ ಮುಂಜಾನೆಯ ಪ್ಯಾಸೆಂಜರ್ ಗಾಡಿಯಲ್ಲಿ ಬರುತ್ತೇವೆ.