ಸದ್ದಿಲ್ಲದೆ ಹಾರಿಸಿದ ಕ್ಷಿಪಣಿಗಳು

ಪ್ರತಿಯೊಂದು ವಿಧ್ವಂಸಕ ನೌಕೆಯಲ್ಲೂ ಎಂಟು ಕ್ರೂಸ್ ಕ್ಷಿಪಣಿಗಳು ಇರತಕ್ಕದ್ದೆಂದು ನಿಯಮವಿದೆ. ಇಲ್ಲದಿದ್ದರೆ ಏನು ಮಾಡತಕ್ಕದ್ದೆಂಬ ನಿಯಮವಿಲ್ಲ. ಹಾಗಾಗಿ ಒಂದು ನೌಕೆಯ ಕ್ಷಿಪಣಿ ಕೊಳವೆಯ ಮುಚ್ಚಳ ತೆಗೆದು ಬಗ್ಗಿ ನೋಡಿದ ಶಸ್ತ್ರಾಗಾರದ ಮೇಲ್ವಿಚಾರಕನಿಗೆ ತಳದಲ್ಲೊಂದು ಹಳೇ ಪೊರಕೆ ಮಾತ್ರ ಕಂಡಾಗ ಮುಂದೇನೆಂದು ತೋಚಲಿಲ್ಲ. ಮಿಕ್ಕ ಏಳರಲ್ಲಿ ಪೊರಕೆಯೂ ಇರಲಿಲ್ಲ.

ಮರುವಾರವೇ ಹಡಗು ಗಡಿಗೆ ಹೊರಡುವುದಿತ್ತು. ಅದರ ಅಡುಗೆಮನೆಯಲ್ಲಿದ್ದವನು ಅವನ ಸ್ವಂತ ಅಳಿಯ. ಮಗಳು ಆಗ ಏಳು ತಿಂಗಳ ಬಸುರಿ. ಬರಿಗೈ ಹಡಗು ಹತ್ತಿದ ಅಳಿಯ ವಾಪಸು ಬಂದಾನೆಯೇ ಎಂದು ಹೆದರಿ ಮೇಲ್ವಿಚಾರಕ ಕ್ಯಾಪ್ಟನ್ ಬಳಿಗೆ ಓಡಿದ.

"ಸಾರ್, ನಮ್ಮ ಎಂಟೂ ಕ್ಷಿಪಣಿ ಯಾರೋ ಹಾರಿಸಿಬಿಟ್ಟಿದ್ದಾರೆ."

ಛತ್ರಿ, ಚಪ್ಪಲಿ ಹಾರಿಸುತ್ತಾರಲ್ಲ, ಆ ಅರ್ಥದಲ್ಲಿ ಅವನು ಹೇಳಿದ್ದು. ಕ್ಯಾಪ್ಟನ್ ಚಹಾದ ಲೋಟ ಕೆಳಗಿಟ್ಟರು.

"ಸದ್ದೇ ಕೇಳಿಸಲಿಲ್ಲವಲ್ಲಯ್ಯ?"

"ಯಾರಿಗೂ ಕೇಳಿಸಿಲ್ಲ ಸಾರ್. ಒಂದು ಗುರುತೂ ಬಿಟ್ಟಿಲ್ಲ."

"ಭೇಷ್," ಎಂದು ಕ್ಯಾಪ್ಟನ್ ಕೈಕುಲುಕಿದರು.

ಸಂಜೆಯೊಳಗೆ ಪ್ರಕಟಣೆ ಹೊರಬಿತ್ತು: "ಈ ನೌಕೆಯು ಎಂಟು ಕ್ಷಿಪಣಿಗಳನ್ನು ಸದ್ದು, ಹೊಗೆ ಹಾಗೂ ಸಾಕ್ಷಿಗಳಿಲ್ಲದೆ ಯಶಸ್ವಿಯಾಗಿ ಹಾರಿಸಿರುತ್ತದೆ. ಗುರಿ ಯಾವುದೆಂದು ಬಲ್ಲವರು ಕಚೇರಿ ವೇಳೆಯಲ್ಲಿ ತಿಳಿಸತಕ್ಕದ್ದು." ನೆರೆದೇಶದವರೇನು ಕಮ್ಮಿಯೇ? ಎಂಟನ್ನೂ ತಾವು ಹೊಡೆದುರುಳಿಸಿದ್ದಾಗಿ ಸಾರಿದರು. ಎರಡೂ ಕಡೆ ಪಟಾಕಿ ಹೊಡೆದರು.

ಮೇಲ್ವಿಚಾರಕನು ಅಡ್ಮಿರಲ್ ಸಾಹೇಬರ ಕಾಲಿಗೇ ಬಿದ್ದ. "ಸಾರ್, ಹಾರಿಸಿದ್ದಾರೆ ಅಂದ್ರೆ ಕದ್ದಿದ್ದಾರೆ ಅಂತ."

ಪಕ್ಕದಲ್ಲಿದ್ದ ದಾಸ್ತಾನು ವಿಭಾಗದ ಮುಖ್ಯಸ್ಥರು ಫ್ಯಾನನ್ನೇ ಭಕ್ತಿಯಿಂದ ನೋಡತೊಡಗಿದರು. ಅವರ ಹೊಸ ಮನೆಯ ಗೇಟಿಗೆ ಎಷ್ಟು ಮಳೆ ಬಿದ್ದರೂ ತುಕ್ಕು ಹಿಡಿಯುವುದಿಲ್ಲವೆಂದು ಊರಲ್ಲೆಲ್ಲ ಹೆಸರಾಗಿತ್ತು.

"ನೋಡಪ್ಪ," ಎಂದರು ಅಡ್ಮಿರಲ್, "ಕದ್ದರು ಅಂದ್ರೆ ನಿನಗೆ ಜೈಲು. ಹಾರಿಸಿದರು ಅಂದ್ರೆ ಪದಕ. ಭಾಷೇನೇ ಎರಡಕ್ಕೂ ಒಂದೇ ಮಾತು ಕೊಟ್ಟಿರೋವಾಗ ನಿನಗ್ಯಾಕೆ ತಲೆನೋವು?"

"ಹಡಗಲ್ಲಿ ನನ್ನ ಅಳಿಯ ಇದ್ದಾನೆ ಸಾರ್. ಹೊಸ ಕ್ಷಿಪಣಿನಾದರೂ ತುಂಬಿಸಿ."

"ತುಂಬಿಸಿದರೆ ಸದ್ದು ಬರುತ್ತಲ್ಲಯ್ಯ."

ಇನ್ನು ಮುಂದೆ ಎಲ್ಲ ನೌಕೆಗಳಲ್ಲೂ ಸದ್ದಿಲ್ಲದ ಕ್ಷಿಪಣಿಗಳನ್ನೇ ಅಳವಡಿಸತಕ್ಕದ್ದೆಂದು ಆದೇಶವಾಯಿತು. ಖರೀದಿಯ ಜವಾಬ್ದಾರಿ ದಾಸ್ತಾನು ಮುಖ್ಯಸ್ಥರ ಹೆಗಲಿಗೆ ಬಿತ್ತು. ಈ ವಿದ್ಯೆಯಲ್ಲಿ ಪಳಗಿದವನೆಂದು ಮೇಲ್ವಿಚಾರಕನನ್ನೂ ಅದೇ ಹಡಗಿಗೆ ಹತ್ತಿಸಿದರು.

ಗಡಿಯಲ್ಲಿ ವೈರಿಯ ನೌಕೆ ಎದುರಾಯಿತು. ಕ್ಯಾಪ್ಟನ್ ಆಜ್ಞೆ ಕೊಟ್ಟರು. ಮೇಲ್ವಿಚಾರಕ ಮನಸ್ಸಿನಲ್ಲೇ ಮಗಳ ಕ್ಷಮೆ ಕೇಳಿ ಗುಂಡಿ ಒತ್ತಿದ. ಎಂಟೂ ಮುಚ್ಚಳ ತೆರೆದವು. ನಾವಿಕರೆಲ್ಲ ಕಿವಿ ಮುಚ್ಚಿಕೊಂಡರು. ಎದುರು ನೌಕೆಯ ಮುಚ್ಚಳಗಳೂ ತೆರೆದವು. ಅಲ್ಲಿಂದಲೂ ಏನೂ ಬರಲಿಲ್ಲ. ಅವರಲ್ಲೂ ದಾಸ್ತಾನು ವಿಭಾಗವಿತ್ತು. ಘೋರ ಕದನದ ಬಳಿಕ ಎರಡೂ ಹಡಗುಗಳು ಗೆದ್ದು ಹಿಂದಿರುಗಿದವು.

ಅಡುಗೆಮನೆಯಿಂದ ಅಳಿಯ ಕಿವಿಯ ಹತ್ತಿ ತೆಗೆಯುತ್ತಾ ಬಂದ.

"ಮಾವ, ಸದ್ದು ಸ್ವಲ್ಪ ಜಾಸ್ತಿ ಆಯ್ತು."

ಮಾವ ಬಗ್ಗಿ ಕೊನೆಯ ಕೊಳವೆಯ ಮುಚ್ಚಳ ಹಾಕಿದ.

"ಹೌದಪ್ಪ," ಎಂದ. "ಮುಂದಿನ ಸಲ ಕಮ್ಮಿ ಮಾಡಿಸ್ತೀನಿ."